ಚಾಳೀಸಿನವರ ಚಿಪ್ಪು

ಕುರುಗೋಡಿನಲ್ಲಿ ಅವರನ್ನು ಚಾಳೀಸಿನವರು ಎನ್ನುತ್ತಿದ್ದರು. ಸಿರುಗುಪ್ಪದಲ್ಲಿ ತೆಲುಗು ಮಾತಾಡುವ ಓಣಿಗಳಿಗೆ ಅವರು ಅದ್ದಾಲಾಯನ. ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದರೆ ಚಶ್ಮಾದವರು. ಮೂರು ಊರಿಗೆ ಮೂರು ಹೆಸರು, ಮೂರರ ಅರ್ಥವೂ ಕನ್ನಡಕದವರು ಎಂದೇ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕಲ್ಲ, ಅದನ್ನು ನಾನು ಮೊದಲ ಸಲ ಓದಿದ್ದು ಹೋದ ತಿಂಗಳು, ಕಂಟೋನ್ಮೆಂಟಿನ ಮೂಲೆಯಲ್ಲಿ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸಿನ ಮೇಲೆ. ಶ್ರದ್ಧಾಂಜಲಿಯಲ್ಲಿ ಒಂದು ಒತ್ತು ಕಳೆದುಹೋಗಿತ್ತು. ಫೋಟೋದಲ್ಲಿ ಅವರ ಕನ್ನಡಕವನ್ನು ಕಂಪ್ಯೂಟರಿನಲ್ಲಿ ಅಳಿಸಿ, ಕಣ್ಣಿಗೆ ಹೊಳಪು ಬೇರೆ ಹಾಕಿದ್ದರು. ಇಪ್ಪತ್ತೆರಡು ವರ್ಷ ಜೊತೆಗೆ ಓಡಾಡಿದ ನನಗೇ ಗುರುತು ಹತ್ತಲು ಒಂದು ನಿಮಿಷ ಬೇಕಾಯಿತು.

ನಾನು ಬೋರ್ಡು ಬರೆಯುವವ. ಬರೆಯುತ್ತಿದ್ದವ ಎನ್ನುವುದು ಸರಿ. ಫ್ಲೆಕ್ಸ್ ಬಂದ ಮೇಲೆ ನನ್ನ ಕುಂಚಗಳು ಡಬ್ಬಿಯಲ್ಲಿ ನಿವೃತ್ತಿ ಜೀವನ ಕಳೆಯುತ್ತಿವೆ. ಬ್ರೂಸ್‌ಪೇಟೆಯ ಹಳೇ ಅಂಗಡಿಗಳ ಮೇಲೆ ನನ್ನ ಅಕ್ಷರ ಇನ್ನೂ ಅಲ್ಲಲ್ಲಿ ಇದೆ. ಅವುಗಳ ಕೆಳಗೆ ನಿಂತು ಬೇಕಂತಲೇ ಚಹಾ ಕುಡಿಯುವ ಚಟ ನನಗಿದೆ. ಅಕ್ಷರದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಈ ಜಂಬವನ್ನು ಚಾಳೀಸಿನವರು ಎಷ್ಟು ಚೆನ್ನಾಗಿ ಬಳಸಿಕೊಂಡರು ಎಂಬುದು ನನಗೆ ತಿಳಿದದ್ದು ತಡವಾಗಿ.

ಅವರ ಅಂಗಡಿ ಇದ್ದದ್ದು ಒಂದು ಹಳೇ ಪಿಕಪ್ಪಿನ ಬೆನ್ನ ಮೇಲೆ. ಯಾವ ಕಾಲದಲ್ಲೋ ಗಣಿ ಸರ್ವೆಗೆಂದು ಬಂದ ಯಾರೋ ಗುಡ್ಡದಲ್ಲಿ ಮಲಗಲು ತರಿಸಿದ್ದ ಫೈಬರ್ ಗೂಡು ಅದು. ಎರಡೂ ಬದಿಗೆ ಜಾರುವ ಗಾಜಿನ ಕಿಟಕಿ, ಹಿಂದೆ ಮೇಲಕ್ಕೆತ್ತುವ ಬಾಗಿಲು, ಒಳಗೆ ಒಬ್ಬರು ಮಲಗುವಷ್ಟು ಹಲಗೆ. ತಂದವರು ಗಂಟುಮೂಟೆ ಕಟ್ಟಿದ ಮೇಲೆ ಗೂಡು ಗುಜರಿ ಸೇರಿತ್ತು, ಇವರು ಎತ್ತಿಕೊಂಡು ಬಂದರು. ಅದರ ಮೊದಲ ಮಾಲೀಕರು ಅದನ್ನು ಶೆಲ್ಲು ಎನ್ನುತ್ತಿದ್ದರಂತೆ. ಗುಜರಿಯವನು ಅದನ್ನೇ ಕನ್ನಡಕ್ಕೆ ತಿರುಗಿಸಿ ಚಿಪ್ಪು ಎಂದ. ಅಲ್ಲಿಂದ ಚಿಪ್ಪು ಎಂದೇ ಹೆಸರಾಯಿತು. "ಗುಜರಿಯಾಂವ ಕೊನೀಗೆ ನಿಮ್ಮ ಕೈಗೆ ಚಿಪ್ಪ ಕೊಟ್ಟ ಬಿಡ್ರಿ" ಎಂದು ನಾವು ಚೇಷ್ಟೆ ಮಾಡಿದರೆ, "ಕೊಟ್ಟ, ಆದ್ರ ಅದರಾಗ ನಾ ಊಟಾ ಮಾಡಾಕತ್ತೀನಿ" ಎನ್ನುವರು.

ಬಿಸಿಲಿಗೆ ಅದರ ಬಣ್ಣ ಪುಡಿಯೆದ್ದಿತ್ತು. ಮುಟ್ಟಿದವರ ಕೈಗೆಲ್ಲ ಬಿಳಿ ಹುಡಿ. ಕುರುಗೋಡಿನ ಮುದುಕಿಯರು ಕಣ್ಣು ತೋರಿಸಿಕೊಂಡು ಇಳಿಯುವಾಗ ಚಿಪ್ಪಿಗೆ ಕೈ ಊರಿ, ಅಂಗೈ ನೋಡಿಕೊಂಡು, ಹೇಗೂ ಬಂದಿದೆಯಲ್ಲ ಎಂದು ಹಣೆಗೆ ಸವರಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಚಾಳೀಸಿನವರ ಹಣೆಯಲ್ಲಿ ಮೂರು ಬೆರಳಿನ ನಿಜವಾದ ವಿಭೂತಿ ಇರುತ್ತಿತ್ತು, ಆದರೂ ಅವರು ಯಾರನ್ನೂ ತಿದ್ದಲಿಲ್ಲ.

ಕೆಲಸದ ಕ್ರಮ ಹೀಗೆ. ಬಂದವರನ್ನು ಬಾಗಿಲ ಕಡೆಯ ಸ್ಟೂಲಿನ ಮೇಲೆ ಕೂರಿಸುವುದು. ಎದುರಿನ ಗೋಡೆಯಲ್ಲಿ, ಅಂದರೆ ಡ್ರೈವರಿನ ಬೆನ್ನ ಹಿಂದೆ, ಅಕ್ಷರದ ಹಲಗೆ. ಅದು ನನ್ನ ಕೈ. ಮೇಲೆ ದಪ್ಪ ಅಕ್ಷರ, ಕೆಳಗಿಳಿದಂತೆ ಸಣ್ಣದು, ಕಟ್ಟಕಡೆಯ ಸಾಲಿನಲ್ಲಿ ಒಂದನ್ನೊಂದು ಹೋಲುವ ಐದು: ಪ ಷ ವ ಮ ಫ. ಚಿಪ್ಪಿನ ಉದ್ದ ಎಷ್ಟೋ ಅದಕ್ಕೆ ತಕ್ಕ ಹಾಗೆ ಅಕ್ಷರದ ಗಾತ್ರ ಹಿಡಿದಿದ್ದೆ. ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಏರಿಸಿ, ಮರದ ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಸಿಕ್ಕಿಸುತ್ತ ಅವರು ಕೇಳುವರು: "ಹಿಂಗ ಚಲೋನೋ, ಹಿಂಗ ಚಲೋನೋ?" ಈ ಮಾತು ಅವರ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಹೋಟೆಲಿನಲ್ಲಿ ನಾನು ಉಪ್ಪಿಟ್ಟಿಗೆ ಚಟ್ನಿ ಹಾಕಿಕೊಂಡರೂ ಕೇಳುತ್ತಿದ್ದರು, ಹಿಂಗ ಚಲೋನೋ, ಮೊದಲಿಂದ ಚಲೋನೋ ಎಂದು.

ಗಿರಾಕಿಗಳನ್ನು ಸಂಭಾಳಿಸುವುದರಲ್ಲಿ ಅವರಿಗೆ ಎಣೆಯಿರಲಿಲ್ಲ. ಕುರುಗೋಡಿನ ಗೌಡರೊಬ್ಬರು ಒಮ್ಮೆ ಮೀಸೆ ತಿರುವುತ್ತ ಬಂದರು. ಅವರ ದಾಯಾದಿಗೆ ಹಿಂದಿನ ವಾರವೇ ಕನ್ನಡಕ ಆಗಿತ್ತು.

"ಅವಂಗ ಎಷ್ಟು ನಂಬರ್ ಕೊಟ್ಟೀರಿ?"

"ಎರಡು."

"ನನಗ ಮೂರು ಇರ್ಲಿ. ಅವನಕಿಂತ ಕಮ್ಮಿ ಆದ್ರ ಊರಾಗ ಹೆಂಗ ತಿರಗಾಡ್ಲಿ?"

ಪರೀಕ್ಷೆ ಮಾಡಿದರೆ ಗೌಡರಿಗೆ ಬೇಕಾಗಿದ್ದದ್ದು ಬರೀ ಒಂದು ನಂಬರ್. ಚಾಳೀಸಿನವರು ಒಂದರ ಗಾಜನ್ನೇ ಎಮ್ಮೆಯ ಕೊಂಬಿನಷ್ಟು ದಪ್ಪದ ಕರೀ ಫ್ರೇಮಿಗೆ ಹಾಕಿ, "ಇದು ಮೂರು ನಂಬರ್ ಫ್ರೇಮು ಗೌಡ್ರ, ಎಲ್ಲಾರಿಗೂ ಕೊಡೂದಿಲ್ಲ" ಎಂದರು. ಗೌಡರು ಅದನ್ನು ಕೊನೆಯವರೆಗೂ ಅಭಿಮಾನದಿಂದ ಧರಿಸಿದರು. ಕಣ್ಣಲ್ಲಿ ಹೂವು ಬಿದ್ದವರನ್ನು ಮಾತ್ರ ಚಾಳೀಸಿನವರು ಮುಟ್ಟುತ್ತಿರಲಿಲ್ಲ. ಬೈದು, ಬಸ್ಸಿನ ಹೊತ್ತು ಹೇಳಿ, ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು.

ಹಳೇ ಪಿಕಪ್ಪು ಒಂದು ದಿನ ಇನ್ನು ಆಗದು ಎಂದು ರಸ್ತೆಯಲ್ಲೇ ಕೂತುಬಿಟ್ಟಿತು. ತಳ ತುಕ್ಕು ತಿಂದು, ಸೀಟಿನಿಂದಲೇ ರಸ್ತೆ ಕಾಣುತ್ತಿತ್ತು. ಅವರ ಹೆಂಡತಿಯ ತಮ್ಮ ಸಿರುಗುಪ್ಪದಲ್ಲಿ ಅಕ್ಕಿಯ ವ್ಯಾಪಾರಿ. ಎರಡೇ ವರ್ಷ ಓಡಿಸಿದ್ದ ಹೊಸ ಮಾದರಿಯ ಪಿಕಪ್ಪನ್ನು ಅಕ್ಕನ ಮನೆಗೆ ಕೊಡಲು ಒಪ್ಪಿದ. ಹೊಸ ಗಾಡಿಗೆ ಹೊಸ ಗೂಡು ಕಟ್ಟಿಸಿ, ತಗಡಿನದು ಹಗುರ ಇರುತ್ತದೆ, ಫ್ಯಾನೂ ಹಾಕಿಸಬಹುದು ಎಂದು ನಾವೆಲ್ಲ ಹೇಳಿದೆವು. ಅವರದು ಒಂದೇ ಹಟ, ಹಳೇ ಚಿಪ್ಪೇ ಕೂರಬೇಕು.

"ಅದರ ಉದ್ದಕ್ಕ ಅಕ್ಷರಾ ಬರದೀರಿ. ಚಿಪ್ಪು ಬದಲಾದ್ರ ನಿಮ್ಮ ಕೆಲಸಾ ಎಲ್ಲಾ ನೀರಾಗ ಹೋತು" ಎಂದರು.

ನನ್ನ ಕೆಲಸದ ಮಾತು ಬಂದ ಮೇಲೆ ನಾನು ಅವರ ಪಕ್ಷ ಸೇರಿದೆ. "ಚಿಪ್ಪು ಇಳೀತಂದ್ರ ನಾನೂ ಇಳದಂಗ, ತಿಳೀರಿ" ಎಂದೂ ಅಂದರು. ಅದನ್ನು ನಾನು ಹಳೇ ವಸ್ತುವಿನ ಮೇಲಿನ ಮೋಹ ಎಂದುಕೊಂಡೆ.

ಅಳತೆಯ ಕಥೆ ಕೇಳಬೇಕು. ಗಾಡಿ ಸಿರುಗುಪ್ಪದಲ್ಲಿ, ಚಿಪ್ಪು ಸಂಗನಕಲ್ಲು ರಸ್ತೆಯ ಮಸ್ತಾನನ ಗ್ಯಾರೇಜಿನಲ್ಲಿ. ನಡುವೆ ಫೋನು.

"ಲೇ, ಹಿಂದಿನ ತೊಟ್ಟಿ ಉದ್ದ ಎಷ್ಟೈತಿ?"

"ಟೇಪು ಸಿಗವಲ್ದು ಮಾಮಾ."

"ಗೇಣು ಹಾಕಲೇ!"

ಭಾವಮೈದ ಫೋನನ್ನು ಬಾನೆಟ್ಟಿನ ಮೇಲಿಟ್ಟು ಗೇಣು ಹಾಕಿದ. ಹತ್ತೂವರೆ. ಇಲ್ಲಿ ಚಾಳೀಸಿನವರು ಚಿಪ್ಪಿನ ಅಂಚಿಗೆ ತಮ್ಮ ಗೇಣು ಹಾಕುತ್ತ ಹೋದರು. ಹತ್ತೂವರೆ. "ದೇವರು ಅದಾನ್ರಿ!" ಎಂದು ಕೈ ಮುಗಿದರು. ನನ್ನ ಚೀಲದಲ್ಲಿ ಟೇಪು ಇತ್ತು, ತೆಗೆದು ಚಾಚಿದೆ. ಅವರು ಅದನ್ನು ನೋಡಲೂ ಇಲ್ಲ. "ನೀವ ಇಟ್ಕೋರಿ. ಬಳ್ಳಾರಿ ಬಿಸಲಿಗೆ ಟೇಪು ಹಿಗ್ಗತೈತಿ, ಗೇಣು ಹಿಗ್ಗೂದಿಲ್ಲ."

ಗೇಣು ಹಿಗ್ಗುವುದಿಲ್ಲ, ನಿಜ. ಆದರೆ ಭಾವಮೈದ ಆರಡಿಯ ಆಳು. ಚಾಳೀಸಿನವರ ಪುಟ್ಟ ಗೇಣು ಅವನ ಗೇಣಿನೊಳಗೆ ಕೂತರೆ ಇನ್ನೂ ಒಂದು ಬೆರಳು ಜಾಗ ಉಳಿಯುತ್ತದೆ. ಹತ್ತು ಸಲ ಒಂದೊಂದು ಬೆರಳು ಉಳಿದರೆ ಏನಾಗುತ್ತದೆ ಎಂಬುದು ಮರುದಿನ ಗಾಡಿ ಬಂದಾಗ ಗೊತ್ತಾಯಿತು.

ಮೇ ತಿಂಗಳ ಬಿಸಿಲು. ಹಳೇ ಪಿಕಪ್ಪಿನ ತುಕ್ಕು ಹಿಡಿದ ಬೋಲ್ಟುಗಳನ್ನು ಮಸ್ತಾನ್ ಕತ್ತರಿಸಿದ. ಚಹಾ ಅಂಗಡಿಯವನು, ಪಂಕ್ಚರಿನವನು, ಕಣ್ಣು ತೋರಿಸಲು ಬಂದಿದ್ದ ಇಬ್ಬರು, ಎಲ್ಲ ಸೇರಿ ಎಂಟು ಮಂದಿ ಚಿಪ್ಪನ್ನು ಎತ್ತಿದೆವು. ಫೈಬರಿನ ಗಾಜಿನ ನಾರು ತೋಳಿಗೆ ಚುಚ್ಚಿ ಎರಡು ದಿನ ಎಲ್ಲರೂ ಕೆರೆದುಕೊಂಡೆವು. ಅಗಲ ಎಲ್ಲರ ಪುಣ್ಯಕ್ಕೆ ಸರಿಯಾಗಿ ಕೂತಿತು. ಉದ್ದದಲ್ಲಿ ಒಂದು ಗೇಣು ತೊಟ್ಟಿ ಖಾಲಿ ಉಳಿಯಿತು.

ಚಾಳೀಸಿನವರು ಮುಂದಿನಿಂದ ಹಿಂದಿನವರೆಗೆ ಅಂಚನ್ನು ಅಂಗೈಯಲ್ಲಿ ಸವರುತ್ತ ಬಂದು, ಖಾಲಿ ಜಾಗ ಬಂದ ಕಡೆ ಕೈ ನಿಲ್ಲಿಸಿದರು. ಭಾವಮೈದ ತನ್ನ ಹಸ್ತವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಇದು ಮೆಟ್ಟಲಾ" ಎಂದರು ಚಾಳೀಸಿನವರು.

"ಏನಂದ್ರಿ?"

"ಚಿಪ್ಪು ಮುಂದಕ ದಬ್ಬು ಮಸ್ತಾನ್. ಹಿಂದ ಉಳದದ್ದು ಮುದುಕೇರು ಹತ್ತಾಕ. ಬೇಕಂತ ಬಿಟ್ಟೀನಿ."

ಬೇಕಂತ ಬಿಟ್ಟಿದ್ದೆಂದು ಅವರು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ, ಸಂಜೆ ಹೊತ್ತಿಗೆ ಭಾವಮೈದ ಅದು ತನ್ನದೇ ಸಲಹೆ ಎಂದು ಚಹಾ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಹೊಸ ಗಾಡಿಗೆ ತೂತು ಹೊಡೆಯಲು ಅವನು ಬಿಡಲಿಲ್ಲ. ಮಸ್ತಾನ್ ತೊಟ್ಟಿಯ ಅಂಚಿನ ಮೇಲೆ ಸಾಗವಾನಿ ಪಟ್ಟಿ ಹಾಸಿ, ಅದರ ಮೇಲೆ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಹಾಸಿ, ಚಿಪ್ಪನ್ನು ಕೂರಿಸಿ, ಬದಿಗೆ ಮೂರರಂತೆ ಆರು ಕ್ಲಾಂಪು ಬಿಗಿದ. ಯಾರಾದರೂ ತಡೆದು ಕೇಳಿದರೆ ಇದು ಗಾಡಿಯ ಭಾಗವಲ್ಲ, ಸಾಗಿಸುತ್ತಿರುವ ಸರಕು ಎನ್ನಬೇಕು ಎಂದು ಚಾಳೀಸಿನವರು ನನಗೆ ಪಾಠ ಹೇಳಿಕೊಟ್ಟರು. ಬಿರುಕುಗಳಿಗೆ ಹಚ್ಚಲು ಮಸ್ತಾನ್ ರಾಳ ಕಲಸಿದ. ಡಬ್ಬಿಯ ಮೇಲೆ ಬರೆದಷ್ಟೇ ಗಟ್ಟಿಕಾರಕ ಹಾಕಿದ್ದ, ಆದರೆ ಡಬ್ಬಿಯವರು ಬಳ್ಳಾರಿಯ ಮೇ ತಿಂಗಳನ್ನು ಕಂಡವರಲ್ಲ. ಮಗ್ಗಿನಲ್ಲಿ ಕುಂಚ ಅದ್ದಿದ್ದೇ ತಡ, ರಾಳ ಹೊಗೆಯಾಡಿ ಕಲ್ಲಾಯಿತು. ಮಗ್ಗು, ಕುಂಚ ಎರಡೂ ಒಂದೇ ವಸ್ತುವಾಗಿ ಇಂದಿಗೂ ಆ ಗ್ಯಾರೇಜಿನ ಕಿಟಕಿಯಲ್ಲಿವೆ. ಎರಡನೆಯ ಸಲ ನೆರಳಿನಲ್ಲಿ, ಚೂರು ಚೂರೇ ಕಲಸಿ ಮುಗಿಸಿದ.

ಇಷ್ಟೆಲ್ಲ ಆಗುವಾಗ ನಾನೂ ಸುಮ್ಮನೆ ಕೂರಲಿಲ್ಲ. ಅಕ್ಷರದ ಹಲಗೆ ಮಾಸಿತ್ತು, ಮನೆಗೆ ಒಯ್ದು ಹೊಸದಾಗಿ ಬರೆದೆ. ಬರೆಯುವಾಗ ಒಂದು ಬುದ್ಧಿವಂತಿಕೆ ಹೊಳೆಯಿತು. ಇಪ್ಪತ್ತು ವರ್ಷದಿಂದ ಒಂದೇ ಸಾಲು, ಕುರುಗೋಡಿನ ಜನಕ್ಕೆ ಅದು ಮಗ್ಗಿಯಂತೆ ಬಾಯಿಪಾಠ. ಕಣ್ಣು ಮುಚ್ಚಿಯೂ ಪ ಷ ವ ಮ ಫ ಎನ್ನುತ್ತಾರೆ. ಹಾಗಾಗಿ ಕೆಳಗಿನ ಸಾಲನ್ನು ಬದಲಿಸಿ ಮ ಫ ಪ ವ ಷ ಎಂದು ಬರೆದೆ. ಹೇಳಲಿಲ್ಲ. ಕಣ್ಣಿನವರಿಗೆ ಹೇಳುವುದೇನು, ತಾವೇ ಕಂಡು ಬೆನ್ನು ತಟ್ಟಲಿ ಎಂದು ಹಲಗೆ ತೂಗಿಹಾಕಿ ಅವರನ್ನು ಕರೆದೆ.

ಅವರು ಬಂದರು, ನಿಂತರು, ಕನ್ನಡಕ ತೆಗೆದು 'ಹಾ' ಎಂದು ಉಸಿರು ಬಿಟ್ಟು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡರು.

"ಅಕ್ಷರಾ ಅಂದ್ರ ಹಿಂಗಿರ್ಬೇಕ ನೋಡ್ರಿ. ಅದ ಸಾಲು, ಅದ ಕೈ. ಚೂರೂ ಬದಲಾಗಿಲ್ಲ."

ನನಗೆ ಸಿಟ್ಟೇ ಬಂತು. ನನ್ನ ಬುದ್ಧಿವಂತಿಕೆ ಗಾಳಿಗೆ ಹೋಯಿತಲ್ಲ! ಮುಖ ಊದಿಸಿಕೊಂಡು ಸುಮ್ಮನಾದೆ.

ಅದೇ ವಾರ ಹೊಸ ಗಾಡಿಯಲ್ಲಿ ಮೊದಲ ಸಂಚಾರ. ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟರು. "ಹೊಸ ಗೇರು ನನಗ ಒಗ್ಗೂದಿಲ್ಲ, ನೀವ ಹೊಡೀರಿ. ನಂಬರ್ ಚೀಟೀನೂ ನೀವ ಬರೀರಿ, ನನ್ನ ಅಕ್ಷರಾ ಕಾಗಿ ಕಾಲು. ನಿಮ್ಮ ಕೈಲೆ ಬರದ್ರ ಚೀಟಿಗೂ ಒಂದು ಕಳಿ." ಕಳೆ ಎಂದ ಮೇಲೆ ಇಲ್ಲವೆನ್ನುವುದು ಹೇಗೆ? ಮುಂಜಾನೆಯೇ ಪೆನ್ನು ಕಿಸೆಗಿಟ್ಟು ಹೊರಟೆ.

ಕುರುಗೋಡಿನಲ್ಲಿ ಮೊದಲು ಹತ್ತಿದವನು ಹಳೇ ಗಿರಾಕಿ, ಒಬ್ಬ ಮುದುಕ. ಹಿಂದಿನ ಮೆಟ್ಟಿಲನ್ನು ಹೊಗಳುತ್ತ ಹತ್ತಿ ಕೂತ. ಕೆಳಗಿನ ಸಾಲು ಬಂದಾಗ ಎದೆ ಸೆಟೆಸಿ, "ಪ, ಷ, ವ, ಮ, ಫ" ಎಂದ. ಎದುರಿಗಿದ್ದದ್ದು ಮ ಫ ಪ ವ ಷ.

"ಬರೋಬರಿ!" ಎಂದರು ಚಾಳೀಸಿನವರು.

ಮುದುಕನಿಗೆ ನಾಚಿಕೆಯಾಗದಿರಲಿ ಎಂದು ಬಿಟ್ಟರೇನೋ ಎಂದು ನಾನು ಚೀಟಿ ಬರೆದುಕೊಂಡೆ. ಎರಡನೆಯವನೂ ಹಾಗೇ ಒಪ್ಪಿಸಿದ. ಅವನಿಗೂ ಬರೋಬರಿ. ಇವರು ಇಷ್ಟು ದಯಾಳು ಎಂದು ನನಗೆ ಗೊತ್ತಿರಲಿಲ್ಲ.

ಸಿರುಗುಪ್ಪ ಮುಟ್ಟುವಾಗ ಹನ್ನೆರಡಾಗಿತ್ತು. "ಅದ್ದಾಲಾಯನ ವಚ್ಚಿನಾಡು!" ಎಂದು ಯಾರೋ ಅವರು ಬಂದ ಸುದ್ದಿಯನ್ನು ಓಣಿಗೆ ಕೂಗಿದರು. ಮೊದಲು ಬಂದವರು ನಿವೃತ್ತ ಅಕ್ಕೋರು, ಮೂವತ್ತು ವರ್ಷ ಒಂದನೆಯ ತರಗತಿಗೆ ಅಕ್ಷರ ಕಲಿಸಿದವರು. ಚಿಪ್ಪಿಗೆ ಹೊಸಬರು. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಮೇಲಿನ ಸಾಲುಗಳನ್ನು ಗಂಟೆ ಬಾರಿಸಿದಂತೆ ಓದಿ, ಕೆಳಗಿನದಕ್ಕೆ ಬಂದರು.

"ಮ."

"ಅಲ್ರಿ ಅಕ್ಕೋರ" ಎಂದು ಚಾಳೀಸಿನವರು ಗಾಜು ಬದಲಿಸಿದರು. "ಹಿಂಗ?"

"ಹಿಂಗೂ ಮ. ಆಮ್ಯಾಲೆ ಫ, ಪ."

"ಮೊದಲಿಂದು ಪ, ಎರಡನೇದು ಷ. ಇನ್ನೊಂದು ನಂಬರ್ ಏರಸ್ತೀನಿ ತಡೀರಿ. ಈಗ?"

ಅಕ್ಕೋರು ಚೌಕಟ್ಟು ತೆಗೆದು ತೊಡೆಯ ಮೇಲಿಟ್ಟರು. "ಈ ಊರಾಗ ಅರ್ಧ ಮಂದಿಗೆ ಮ ಯಾವುದು ಪ ಯಾವುದು ಅಂತ ನಾ ಕಲಿಸೀನಿ. ಅದು ಮ. ನೀವ ಒಮ್ಮೆ ತಿರುಗಿ ನೋಡ್ರಿ!"

ಚಾಳೀಸಿನವರು ತಿರುಗಿದರು. ಹಲಗೆಯನ್ನು ನೋಡಿದರು. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದರು, ಆಮೇಲೆ ಬಲಕ್ಕೆ. ಆ ವಾಲಿಸುವ ರೀತಿಯನ್ನು ನಾನು ಎಷ್ಟೋ ತಿಂಗಳಿಂದ ಕಂಡಿದ್ದೆ, ಕುತ್ತಿಗೆ ನೋವು ಎಂದುಕೊಂಡಿದ್ದೆ. ಕೊನೆಗೆ ಅವರ ಮುಖ ನನ್ನ ಕಡೆಗೆ ತಿರುಗಿತು. ನಾನು ಕೂತ ಕಡೆಗಲ್ಲ, ನನ್ನ ಕಿವಿಯ ಪಕ್ಕಕ್ಕೆ.

ಟೇಪು, ಗೇಣು, ಹೊಸ ಗೇರು, ನನ್ನ ಅಕ್ಷರದ ಕಳೆ, ಎಲ್ಲ ಒಂದೇ ಸಲ ತಿಳಿಯಿತು. ಕಣ್ಣ ಬದಿಯಲ್ಲಿ ಅವರಿಗೆ ಲೋಕ ಕಾಣುತ್ತಿತ್ತು, ಆದ್ದರಿಂದ ಎಡವದೆ ನಡೆಯುತ್ತಿದ್ದರು. ನೇರ ನೋಡಿದ್ದರ ನಡುವೆ ಮಾತ್ರ ಒಂದು ಕಪ್ಪು ಬಿಲ್ಲೆ. ಯಾವ ಗಾಜೂ ಅದನ್ನು ಸರಿಸದು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಿಪ್ಪಿನೊಳಗೆ ಸ್ಟೂಲು ಎಲ್ಲಿ, ಪೆಟ್ಟಿಗೆಯ ಎಷ್ಟನೇ ಮನೆಯಲ್ಲಿ ಯಾವ ಗಾಜು, ಕೆಳಗಿನ ಸಾಲಿನಲ್ಲಿ ಏನಿದೆ, ಎಲ್ಲ ಕೈಗೆ ಮತ್ತು ಬಾಯಿಗೆ ಗೊತ್ತಿತ್ತು. ಅದೊಂದು ಇದ್ದರೆ ಅವರು ಚಾಳೀಸಿನವರು, ಇಲ್ಲದಿದ್ದರೆ ಮನೆಯ ಮೂಲೆಯಲ್ಲಿ ಕೂರುವ ಒಬ್ಬ ಮುದುಕ. ನನ್ನ ಬುದ್ಧಿವಂತಿಕೆ ಅದನ್ನೇ ಕಿತ್ತುಕೊಂಡಿತ್ತು.

"ತಪ್ಪು ನಂದ್ರಿ ಅಕ್ಕೋರ" ಎಂದೆ. "ಸಾಲು ಬದಲು ಮಾಡಿ ಬರದಿದ್ದೆ, ಇವರಿಗೆ ಹೇಳಾಕ ಮರತ್ನಿ."

ಚಾಳೀಸಿನವರು ನಕ್ಕರು. "ಹೇಳೂದೇನು, ನನಗ ಗೊತ್ತಿಲ್ಲೇನು? ಅಕ್ಕೋರನ್ನ ಪರೀಕ್ಷಾ ಮಾಡಾಕತ್ತಿದ್ದೆ. ಪಾಸ್! ನಿಮ್ಮ ಹಳೇ ನಂಬರ್ ಸಾಕು, ಹೊಸ ಕನ್ನಡಕ ಬ್ಯಾಡ."

ಅಕ್ಕೋರು ಪಾಸಾದ ಸಂತೋಷದಲ್ಲಿ ಇಳಿದು ಹೋದರು. ಚಾಳೀಸಿನವರು ಭಾವಮೈದನ ಮನೆಗೆ ಊಟಕ್ಕೆ ನಡೆದರು. ಹಸಿವಿಲ್ಲ ಎಂದು ನಾನು ಉಳಿದೆ.

ಯಾರಿಗಾದರೂ ಹೇಳಬೇಕಿತ್ತೇ? ಇದನ್ನು ನಾನು ಆಗಲೂ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ಮುಂದೆ ಎರಡು ವರ್ಷ ಗಾಡಿ ಹೊಡೆದೆ, ಚೀಟಿ ಬರೆದೆ. ಗಿರಾಕಿ ಓದುವಾಗ ಹಲಗೆಯ ಮೇಲೆ ನನ್ನ ಕಣ್ಣಿರುತ್ತಿತ್ತು, ತಪ್ಪಿದರೆ ಕೆಮ್ಮುತ್ತಿದ್ದೆ. ಬಾಯಿಪಾಠ ಒಪ್ಪಿಸಿದವರನ್ನು ಅಕ್ಷರಕ್ಕೆ ಬೆರಳಿಟ್ಟು ಹಿಂದುಮುಂದಾಗಿ ಓದಿಸುತ್ತಿದ್ದೆ. ಕುರುಗೋಡಿನ ಆ ಇಬ್ಬರನ್ನು ಮುಂದಿನ ವಾರವೇ ಮತ್ತೆ ಕೂರಿಸಿದೆ. ತಪ್ಪು ಕನ್ನಡಕ ಯಾರಿಗೂ ಹೋಗಲಿಲ್ಲ ಎಂದು ನನ್ನ ನಂಬಿಕೆ. ಸರಿ ಮಾಡಿದೆ ಎಂದು ಎದೆ ತಟ್ಟಿ ಹೇಳಲಾರೆ. ಅವರ ಮೇಲೆ ಪ್ರೀತಿ ಇತ್ತು, ಅಷ್ಟನ್ನು ಹೇಳಬಲ್ಲೆ.

ಆ ಮಧ್ಯಾಹ್ನ ಚೀಲದಿಂದ ಕಪ್ಪು ಬಣ್ಣ ತೆಗೆದು, ಕೆಳಗಿನ ಸಾಲಿಗೆ ಬಿಳಿ ಬಳಿದು, ಅದು ಒಣಗುವವರೆಗೆ ರಟ್ಟಿನಿಂದ ಗಾಳಿ ಹಾಕಿ, ಮತ್ತೆ ಪ ಷ ವ ಮ ಫ ಬರೆದೆ. ಅಷ್ಟು ಎಚ್ಚರದಿಂದ ನಾನು ಯಾವ ಸೇಠಜಿಯ ಬೋರ್ಡನ್ನೂ ಬರೆದಿಲ್ಲ. ಊಟ ಮುಗಿಸಿ ಬಂದ ಚಾಳೀಸಿನವರು ಹಿಂದಿನ ಮೆಟ್ಟಿಲಿಗೆ ಕಾಲಿಟ್ಟವರು ಅಲ್ಲೇ ನಿಂತು ಮೂಗು ಅರಳಿಸಿದರು. ಟರ್ಪಂಟೈನ್ ವಾಸನೆ ಚಿಪ್ಪಿನ ತುಂಬ ಇತ್ತು.

"ಅದ ಸಾಲಾ?" ಎಂದರು, ನನಗೊಬ್ಬನಿಗೇ ಕೇಳುವಂತೆ.

"ಅದ ಸಾಲು."

ಹೊರಗೆ ಐದಾರು ಜನ ಕಾಯುತ್ತಿದ್ದರು. ಅವರನ್ನು ಕರೆಯಲಿಲ್ಲ. ಸ್ಟೂಲನ್ನು ಕೈಯಿಂದ ಒರೆಸಿ, "ಪೇಂಟರ್ರ, ಬರ್ರಿ. ಮೊದಲು ನೀವ ಕೂಡ್ರಿ" ಎಂದರು. ಇಪ್ಪತ್ತು ವರ್ಷದಲ್ಲಿ ನನ್ನ ಕಣ್ಣನ್ನು ಅವರೂ ನೋಡಿರಲಿಲ್ಲ, ನಾನೂ ತೋರಿಸಿರಲಿಲ್ಲ. ಕೂತೆ. ಚೌಕಟ್ಟು ಮೂಗಿನ ಮೇಲೆ ತಣ್ಣಗೆ ಕೂತಿತು. ಮೇಲಿನ ಸಾಲುಗಳಾದವು. ಕೆಳಗಿನದಕ್ಕೆ ಬಂದಾಗ ಎದುರಿಗೆ ಅಕ್ಷರದ ಬದಲು ಐದು ಕಪ್ಪು ಚುಕ್ಕೆಗಳಿದ್ದವು, ನಾನು ಉಸಿರು ಬಿಡದೆ ಓದಿದೆ: ಪ, ಷ, ವ, ಮ, ಫ.

ಗಾಜು ಹಿಡಿದ ಅವರ ಕೈ ನಿಂತಿತು.

"ಭಾಳ ಲಗೂನ ಓದಿದ್ರಿ."

"ನಾನ ಬರದದ್ದಲ್ರಿ."

"ಅದಕ್ಕ. ಕಂಡಷ್ಟ ಹೇಳ್ರಿ" ಎಂದು ಅವರು ಗಾಜಿಗೆ ಉಸಿರು ಬಿಟ್ಟು, ಧೋತರದ ಚುಂಗಿನಿಂದ ನಿಧಾನವಾಗಿ ಒರೆಸಿದರು. "ನೆನಪಿಲೆ ಹೇಳಾಕ ಈ ಚಿಪ್ಪಿನಾಗ ನಾ ಒಬ್ಬಾವ ಸಾಕು."